ಹಳೆಯ ಆಟಕ್ಕೆ ಹಳೆಯ ಪರದೆ

ಓಲೆಗರಿಯ ಮೇಲಿದ್ದ ಕಾವ್ಯವನ್ನು ಅಚ್ಚಿಗೆ ಕೊಟ್ಟರೆ ಕಾವ್ಯ ಉಳಿಯುತ್ತದೆ, ಗರಿ ಉಳಿಯುವುದಿಲ್ಲ. ಅದರಿಂದ ಹೆಚ್ಚಿನ ನಷ್ಟವಿಲ್ಲವೆಂದು ನಾವು ಸಮಾಧಾನ ಪಟ್ಟುಕೊಳ್ಳುತ್ತೇವೆ. ಕವಿ ಕಟ್ಟಿದ್ದು ಮಾತನ್ನೇ ಹೊರತು ಗರಿಯನ್ನಲ್ಲ ಎಂಬುದು ನಮ್ಮ ತರ್ಕ. ಆದರೆ ಕೆಲವು ಕೃತಿಗಳುಂಟು. ಅವುಗಳಲ್ಲಿ ಬರೆದದ್ದಾವುದು, ಬರೆಸಿಕೊಂಡದ್ದಾವುದು ಎಂದು ಬಿಡಿಸಿ ಹೇಳುವುದು ಕಷ್ಟ. ಟೆಲಿವಿಷನ್ನಿನ ಮೇಲೆ ಆಡುತ್ತಿದ್ದ ಹಳೆಯ ವಿಡಿಯೋ ಆಟಗಳು ಈ ಜಾತಿಗೆ ಸೇರಿದವು.

ಅಂಗೈಯಗಲದ ಕಂಪ್ಯೂಟರೊಂದರಲ್ಲಿ ಈ ಆಟಗಳನ್ನು ತುಂಬಿ, ಅದನ್ನು ಉಬ್ಬುಗಾಜಿನ ಹಳೆಯ ಟೆಲಿವಿಷನ್ನಿಗೆ ನಾನು ಜೋಡಿಸಿಟ್ಟುಕೊಂಡಿದ್ದೇನೆ. ಮನೆಗೆ ಬಂದವರು ಗೋಡೆಯ ಮೇಲಿನ ತೆಳ್ಳನೆಯ ಪರದೆಯನ್ನು ತೋರಿಸಿ, “ಅದಿರುವಾಗ ಈ ಭಾರವೇಕೆ?” ಎಂದು ಕೇಳುತ್ತಾರೆ. ಹಳೆಯದರ ಮೇಲಿನ ಮೋಹವೆಂದು ಉತ್ತರವನ್ನೂ ತಾವೇ ಹೇಳಿಕೊಳ್ಳುತ್ತಾರೆ. ಮೋಹ ಇಲ್ಲವೇ ಇಲ್ಲವೆಂದು ನಾನು ವಾದಿಸಲಾರೆ. ಆದರೆ ಮೋಹಕ್ಕಿಂತ ಬಲವಾದ ಕಾರಣವೊಂದು ಈ ಆಟಗಳ ಇತಿಹಾಸದಲ್ಲಿಯೇ ಇದೆ.

ಮೊದಲು ಆ ಗಾಜಿನ ಬುರುಡೆಯ ಸಂಗತಿ. ಜರ್ಮನ್ ವಿಜ್ಞಾನಿ ಕಾರ್ಲ್ ಫರ್ಡಿನಾಂಡ್ ಬ್ರೌನ್ ಅದರ ಮೂಲರೂಪವನ್ನು ಲೋಕಕ್ಕೆ ತೋರಿಸಿದ್ದು 1897ರಲ್ಲಿ. ಗಾಳಿಯನ್ನು ಹೊರತೆಗೆದ ನಳಿಕೆಯ ಹಿಂಬದಿಯಿಂದ ಇಲೆಕ್ಟ್ರಾನುಗಳ ಕಿರಣವೊಂದು ಹೊರಟು, ಮುಂಬದಿಯ ಗಾಜಿನ ಒಳಮೈಗೆ ಬಳಿದ ಪುಡಿಗೆ ತಾಕುತ್ತದೆ. ತಾಕಿದ ಚುಕ್ಕೆ ಹೊಳೆಯುತ್ತದೆ. ಟೆಲಿವಿಷನ್ನಿನಲ್ಲಿ ಈ ಕಿರಣ ಮಗ್ಗದ ಲಾಳಿಯ ಹಾಗೆ ಓಡುತ್ತದೆ. ಎಡದಿಂದ ಬಲಕ್ಕೆ ಒಂದು ಗೆರೆ ಎಳೆದು, ಸರಕ್ಕನೆ ಹಿಂದಿರುಗಿ, ಕೆಳಗೆ ಇನ್ನೊಂದು ಗೆರೆ ಎಳೆಯುತ್ತದೆ. ಹೀಗೆ ಸೆಕೆಂಡಿಗೆ 15,000ಕ್ಕೂ ಹೆಚ್ಚು ಗೆರೆಗಳು. ನಾವು ಚಿತ್ರವೆಂದು ಕಾಣುವುದು ಈ ಲಾಳಿ ನೇಯ್ದ ಬೆಳಕಿನ ಬಟ್ಟೆಯನ್ನು.

ವಿಡಿಯೋ ಆಟ ಹುಟ್ಟಿದ್ದೇ ಈ ನಳಿಕೆಯ ಮಡಿಲಲ್ಲಿ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ವಿಲಿಯಂ ಹಿಗಿನ್‌ಬಾಥಮ್ ಎಂಬ ವಿಜ್ಞಾನಿ, ನೋಡಲು ಬರುವ ಜನರಿಗೆ ಬೇಸರವಾಗಬಾರದೆಂದು ಆಸಿಲೋಸ್ಕೋಪಿನ ಪುಟ್ಟ ಪರದೆಯ ಮೇಲೆ ಟೆನ್ನಿಸ್ ಆಟವೊಂದನ್ನು ಹೂಡಿದ. 1962ರಲ್ಲಿ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಅವನ ಗೆಳೆಯರು ‘ಸ್ಪೇಸ್‌ವಾರ್’ ಬರೆದರು. ಆದರೆ ಅಂತಹ ಯಂತ್ರಗಳು ಪ್ರಯೋಗಾಲಯದ ಹೊಸ್ತಿಲು ದಾಟುವಂಥವಾಗಿರಲಿಲ್ಲ. ಜನಸಾಮಾನ್ಯರ ಮನೆಯಲ್ಲಿ ಆಗಲೇ ಕುಳಿತಿರುವ ಟೆಲಿವಿಷನ್ನನ್ನು ಬರಿದೇ ನೋಡುವ ಬದಲು ಅದರೊಡನೆ ಆಡಬಾರದೇಕೆ ಎಂದು 1966ರಲ್ಲಿ ಯೋಚಿಸಿದವನು ರಾಲ್ಫ್ ಬೇಯರ್ ಎಂಬ ಎಂಜಿನಿಯರು. ಅವನ ಯೋಚನೆಯಿಂದ ಬೆಳೆದ ‘ಮ್ಯಾಗ್ನವಾಕ್ಸ್ ಒಡಿಸ್ಸಿ’ 1972ರಲ್ಲಿ ಅಂಗಡಿಗೆ ಬಂತು. ಅದು ಮೂಡಿಸಬಲ್ಲದ್ದು ಕೆಲವು ಬಿಳಿಯ ಚುಕ್ಕೆಗಳನ್ನು, ಒಂದು ಗೆರೆಯನ್ನು; ಅಷ್ಟೇ. ಆಟದ ಬಯಲು ಬೇಕೆಂದರೆ ಬಣ್ಣದ ಪ್ಲಾಸ್ಟಿಕ್ ಹಾಳೆಯನ್ನು ಟೆಲಿವಿಷನ್ನಿನ ಗಾಜಿಗೇ ಅಂಟಿಸಿಕೊಳ್ಳಬೇಕಾಗಿತ್ತು. ಆಟಕ್ಕೂ ಗಾಜಿಗೂ ಇದ್ದ ನಂಟು ಆಗ ಕಣ್ಣಿಗೇ ಕಾಣುತ್ತಿತ್ತು.

ಮುಂದೆ ಆ ನಂಟು ಕಣ್ಣಿಗೆ ಮರೆಯಾಯಿತು, ಆದರೆ ಇನ್ನಷ್ಟು ಬಿಗಿಯಾಯಿತು. 1977ರ ಅಟಾರಿ ಯಂತ್ರದಲ್ಲಿ ಚಂಚಲಸ್ಮೃತಿ ಇದ್ದದ್ದು 128 ಬೈಟುಗಳು. ಇಂಗ್ಲಿಷಿನಲ್ಲಿ ಒಂದೆರಡು ಸಾಲು ಬರೆಯುವಷ್ಟು ಜಾಗ. ಇಡೀ ಚಿತ್ರವನ್ನು ಅದರಲ್ಲಿ ಹಿಡಿದಿಡುವ ಮಾತೇ ಇಲ್ಲ. ಆದ್ದರಿಂದ ಆಟ ಬರೆಯುವವನು ಕಿರಣದ ಜೊತೆಜೊತೆಗೇ ಓಡಬೇಕು. ಈ ಗೆರೆಯಲ್ಲಿ ಯಾವ ಬಣ್ಣ, ಮುಂದಿನ ಗೆರೆಯಲ್ಲಿ ಏನು ಎಂದು ಗೆರೆಗೆರೆಗೂ ಹೇಳುತ್ತ ಹೋಗಬೇಕು. ಲಾಳಿ ಓಡುತ್ತಿರುವಾಗಲೇ ನೂಲಿನ ಬಣ್ಣ ನಿರ್ಧರಿಸುವ ನೇಕಾರನ ಪಾಡು ಅದು. ಲಾಳಿ ಯಾರಿಗೂ ಕಾಯುವುದಿಲ್ಲ.

1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ‘ಫ್ಯಾಮಿಕಾಮ್’ ಯಂತ್ರವನ್ನು ತಂದಿತು. ಅಮೆರಿಕ ಮತ್ತು ಜಪಾನುಗಳ ಟೆಲಿವಿಷನ್ ಪದ್ಧತಿಯಲ್ಲಿ ಚಿತ್ರಕ್ಕೆ 525 ಗೆರೆ. ಕಿರಣ ಅವುಗಳನ್ನು ಎರಡು ಸರದಿಯಲ್ಲಿ, ಒಂದರ ಸಂದಿನಲ್ಲಿ ಇನ್ನೊಂದು ಬರುವಂತೆ ಎಳೆಯುತ್ತದೆ. ಈ ಕಾಲದ ಆಟದ ಯಂತ್ರಗಳು ಒಂದು ಜಾಣತನ ಮಾಡಿದವು. ಸರದಿಗೆ ಎರಡೂವರೆ ನೂರಕ್ಕೆ ಮೇಲ್ಪಟ್ಟ ಗೆರೆಗಳಲ್ಲಿ ಕೊನೆಯ ಅರ್ಧ ಗೆರೆಯನ್ನು ಕೈಬಿಟ್ಟು ಸರಿಯಾಗಿ 262 ಗೆರೆ ಕಳಿಸಿದರೆ, ಪ್ರತಿಯೊಂದು ಸರದಿಯೂ ಹಳೆಯ ಜಾಗದಲ್ಲೇ ಬೀಳುತ್ತದೆ. ಕಣ್ಣಿಗೆ ಕಾಣುವುದು ಸುಮಾರು 240 ಗೆರೆ, ನಡುವೆ ಸಣ್ಣ ಕತ್ತಲ ಸಂದು. ಆದರೆ ಸೆಕೆಂಡಿಗೆ 60 ಪೂರ್ಣ ಚಿತ್ರ, ಅಲುಗಾಟವಿಲ್ಲ. ಕಲಾವಿದರು ಆ ಸಂದುಗಳನ್ನೂ, ಚುಕ್ಕೆಯ ಅಂಚು ಪಕ್ಕದ ಚುಕ್ಕೆಗೆ ಸೋರುವುದನ್ನೂ ಲೆಕ್ಕಕ್ಕೆ ಹಿಡಿದೇ ಚಿತ್ರ ಬರೆದರು. 1991ರ ‘ಸಾನಿಕ್’ ಆಟದ ಜಲಪಾತ ಇದಕ್ಕೆ ಪ್ರಸಿದ್ಧ ನಿದರ್ಶನ. ಅದು ಬರೆದಿರುವುದು ಒಂದು ಬಿಟ್ಟು ಒಂದರಂತೆ ನಿಂತ ಉದ್ದುದ್ದ ಪಟ್ಟೆಗಳಲ್ಲಿ. ಹಳೆಯ ತಂತಿಯ ಮೂಲಕ ಹಳೆಯ ಗಾಜಿಗೆ ಹೋದಾಗ ಆ ಪಟ್ಟೆಗಳು ಒಂದರೊಳಗೊಂದು ಕರಗಿ, ಹಿಂದಿನ ಬಂಡೆ ಕಾಣುವಂಥ ತಿಳಿನೀರಾಗುತ್ತವೆ. ತೆಳ್ಳನೆಯ ಹೊಸ ಪರದೆಯ ಮೇಲೆ ಅದು ನೀರಲ್ಲ, ಬಿದಿರು ತಡಿಕೆ.

ಈ ಯಂತ್ರಗಳು ಮೂಲೆ ಸೇರಿದ ಮೇಲೆ ಅವುಗಳ ಆಟಗಳನ್ನು ಉಳಿಸಿದ್ದು ಎಮ್ಯುಲೇಟರ್ ಎಂಬ ತಂತ್ರಾಂಶ. ಹೊಸ ಕಂಪ್ಯೂಟರು ಹಳೆಯ ಯಂತ್ರದಂತೆಯೇ ನಟಿಸುತ್ತದೆ. ಆಟ ಮೋಸಹೋಗಿ ನಡೆಯತೊಡಗುತ್ತದೆ. ನಮ್ಮ ಪುರಾಣದ ಮಾತಿನಲ್ಲಿ ಹೇಳುವುದಾದರೆ ಇದು ಪರಕಾಯ ಪ್ರವೇಶ. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಹೊರತಂದ ‘ಮೇಮ್’ ಈ ಕೆಲಸದಲ್ಲಿ ದೊಡ್ಡ ಹೆಸರು. ನಾಣ್ಯ ಹಾಕಿ ಆಡುವ ಪೆಟ್ಟಿಗೆಗಳ ಸಾವಿರಾರು ಆಟಗಳು ಅದರಿಂದ ಬದುಕಿವೆ. ಆದರೆ ಪ್ರಾಣ ಬಂದರೂ ಕಾಯ ಬೇರೆಯದೇ. ಆಟದ ಲೆಕ್ಕಾಚಾರವೆಲ್ಲ ಉಳಿಯಿತು, ಆ ಲೆಕ್ಕ ಯಾವ ಗಾಜನ್ನು ನಂಬಿತ್ತೋ ಆ ಗಾಜು ಹೋಯಿತು.

ಹೀಗಾಗಿ ಎರಡನ್ನೂ ಮತ್ತೆ ಕೂಡಿಸುವ ಪ್ರಯತ್ನ. ಬ್ರಿಟನ್ನಿನಲ್ಲಿ 2012ರಲ್ಲಿ ಬಂದ ‘ರಾಸ್‌ಬೆರಿ ಪೈ’ ಎಂಬ ಅಗ್ಗದ ಕಂಪ್ಯೂಟರಿಗೆ ಹಳೆಯ ಟೆಲಿವಿಷನ್ನಿಗೆ ಹೊಂದುವ ಹಳದಿ ಕಿಂಡಿಯೇ ಇತ್ತು. 2014ರ ಮಾದರಿಯಿಂದ ಆ ಕಿಂಡಿ ಧ್ವನಿಯ ಸಣ್ಣ ತೂತಿನೊಳಗೆ ಸೇರಿಕೊಂಡಿತು. ಅದಕ್ಕೆ ಸಿಗುವ ತಂತಿಗಳೆಲ್ಲ ನೋಡಲು ಒಂದೇ, ಒಳಗಿನ ಜೋಡಣೆ ಮಾತ್ರ ಬೇರೆ ಬೇರೆ. ಒಂದರಲ್ಲಿ ಹಳದಿ ತುದಿಗೆ ಬರುವ ಚಿತ್ರ ಇನ್ನೊಂದರಲ್ಲಿ ಕೆಂಪು ತುದಿಗೆ ಬರುತ್ತದೆ. 2023ರ ಮಾದರಿಯಲ್ಲಿ ತೂತೂ ಇಲ್ಲ. ಹಲಗೆಯ ಮೇಲೆ ಬೆಸುಗೆ ಹಾಕಿಕೊಳ್ಳಲು ಜಾಗ ಮಾತ್ರ ಬಿಟ್ಟಿದ್ದಾರೆ. ಮೇಜಿನ ಮೇಲಿನ ಸಾಧಾರಣ ಕಂಪ್ಯೂಟರಾದರೆ ತೊಡಕು ಇನ್ನೊಂದು ಬಗೆಯದು. ಅದು ಸೆಕೆಂಡಿಗೆ 31,000ಕ್ಕೂ ಹೆಚ್ಚು ಗೆರೆ ಕಳಿಸುತ್ತದೆ, ಟೆಲಿವಿಷನ್ನಿನ ಲಾಳಿ ಅದರ ಅರ್ಧ ವೇಗದ್ದು. ವಿಶೇಷ ತಂತ್ರಾಂಶದಿಂದ ಆ ವೇಗವನ್ನು ತಗ್ಗಿಸದೆ ಎರಡಕ್ಕೂ ಸಂಧಾನವಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೂ ಒಂದು ಗಂಟಿದೆ. ನಾವು ಆರಿಸಿಕೊಂಡದ್ದು ‘ಪಾಲ್’ ಪದ್ಧತಿ. 625 ಗೆರೆ, ಸೆಕೆಂಡಿಗೆ 50 ಸರದಿ. 60 ಸರದಿಗೆಂದು ಬರೆದ ಆಟವನ್ನು 50ರಲ್ಲಿ ನಡೆಸಿದರೆ ಅದು ಆರರಲ್ಲಿ ಒಂದು ಪಾಲು ನಿಧಾನವಾಗುತ್ತದೆ, ಸಂಗೀತವೂ ಕುಂಟುತ್ತದೆ. ಎರಡು ಪದ್ಧತಿಯನ್ನೂ ಬಲ್ಲ ಬಣ್ಣದ ಪೆಟ್ಟಿಗೆ ಸಿಕ್ಕಿದರೆ ಅದೃಷ್ಟ. ನನ್ನದು ಅಂಥದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ತಂತಿ ಕೇಳಲು ಹೋದಾಗ ಅಂಗಡಿಯ ಹಿರಿಯರು, “ಟಿ.ವಿ. ಇನ್ನೂ ಓಡುತ್ತದೆಯೇ ಸ್ವಾಮಿ?” ಎಂದು ಕೇಳಿದ ದನಿ, ದೂರದ ನೆಂಟರ ಯೋಗಕ್ಷೇಮ ವಿಚಾರಿಸುವ ದನಿಯಾಗಿತ್ತು.

ಅವರ ಪ್ರಶ್ನೆಯಲ್ಲಿಯೇ ವಿಷಯದ ತಿರುಳಿದೆ. ಒಂದು ಕಾಲಕ್ಕೆ ಬೆಂಗಳೂರಿನ ಬಿ.ಇ.ಎಲ್. ಕಾರ್ಖಾನೆಯಲ್ಲೂ ಕಪ್ಪು-ಬಿಳುಪಿನ ಚಿತ್ರನಳಿಕೆಗಳು ತಯಾರಾಗುತ್ತಿದ್ದವು. ಆ ಕಾಲ ಮುಗಿದಿದೆ. ಈಗ ಉಳಿದಿರುವ ಬಣ್ಣದ ನಳಿಕೆಗಳು ದಿನದಿನಕ್ಕೆ ಮಂಕಾಗುತ್ತಿವೆ. ಅವುಗಳನ್ನು ರಿಪೇರಿ ಮಾಡಬಲ್ಲ ಕೈಗಳೂ ಕಡಮೆಯಾಗುತ್ತಿವೆ. ಒಳಗೆ ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡವಿದ್ದು, ಸ್ವಿಚ್ಚು ಆರಿಸಿದ ಮೇಲೂ ಕೆಲಕಾಲ ನಿಂತಿರುತ್ತದೆ. ಅರಿಯದವರು ಕೈಯಿಡುವ ಕೆಲಸವಲ್ಲ ಅದು.

ನಳಿಕೆಯನ್ನೇ ಅನುಕರಿಸುವ ತಂತ್ರಾಂಶಗಳೂ ಬಂದಿವೆ ಎಂದು ಓದುಗರು ಹೇಳಬಹುದು. ಬಂದಿವೆ. ಕತ್ತಲ ಸಂದು, ಅಂಚಿನ ಸೋರಿಕೆ, ಗಾಜಿನ ಉಬ್ಬು, ಎಲ್ಲವನ್ನೂ ಹೊಸ ಪರದೆಯ ಮೇಲೆ ಮೂಡಿಸುತ್ತವೆ, ವರ್ಷವರ್ಷಕ್ಕೂ ಸುಧಾರಿಸುತ್ತಿವೆ. ಕೊನೆಗೆ ನಮಗೆ ಉಳಿಯುವುದು ಅವೇ. ನಿಜವಾದ ನಳಿಕೆಯನ್ನು ಜೋಡಿಸಿದರೂ ಎಲ್ಲವೂ ಮರಳುವುದಿಲ್ಲವೆಂಬುದನ್ನೂ ಒಪ್ಪಬೇಕು. ಎಮ್ಯುಲೇಟರು ತಾನೇ ಕಣ್ಣೆವೆಯಷ್ಟು ತಡಮಾಡುತ್ತದೆ. ಆದರೆ ಅನುಕರಣೆ ಸರಿಯಾಗಿದೆಯೆಂದು ಹೇಳುವವರು ಯಾರು? ಬಂಗಾರವನ್ನು ಬಂಗಾರವೆನ್ನಲು ಒರೆಗಲ್ಲು ಬೇಕು. ಉರಿಯುವ ನಳಿಕೆಯೊಂದು ಎಲ್ಲಿಯೂ ಇಲ್ಲದ ದಿನ, ನಕಲನ್ನು ಇನ್ನೊಂದು ನಕಲಿನೊಡನೆ ಹೋಲಿಸಿ ತೃಪ್ತರಾಗಬೇಕಾಗುತ್ತದೆ. ಆಗ ಆ ಜಲಪಾತ ನೀರಾಗಿತ್ತೋ ತಡಿಕೆಯಾಗಿತ್ತೋ ಎಂಬುದು ಕೇಳಿದವರ ಮಾತಾಗುತ್ತದೆ, ಕಂಡವರ ಮಾತಾಗುವುದಿಲ್ಲ.

ಆದ್ದರಿಂದ ಅಟ್ಟದ ಮೇಲೆ ಅಂತಹ ಪೆಟ್ಟಿಗೆಯೊಂದು ಇರುವವರು ಅದನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಯೋಚಿಸಬೇಕೆಂದು ನನ್ನ ಬಿನ್ನಹ. ಅದು ಕೆಟ್ಟು ಕುಳಿತ ಸಾಮಾನಲ್ಲ. ಒಂದು ಕಾಲದ ಬರವಣಿಗೆ ಓದಲು ಬರುವ ಕೊನೆಯ ಕನ್ನಡಕ.