ರೌಟರಿನ ವಾಟ್, ಗೃಹಜ್ಯೋತಿಯ ಯೂನಿಟ್

ದಾವಣಗೆರೆ, ಹರಿಹರದ ಮನೆಗಳಲ್ಲಿ ಸಣ್ಣ ಕಂಪ್ಯೂಟರನ್ನೇ ರೌಟರ್ ಮಾಡಿಕೊಳ್ಳುವವರು ಇಂಟರ್ನೆಟ್ ವೇಗಕ್ಕಿಂತ ಮೊದಲು ನೋಡಬೇಕಾದದ್ದು ಬೆಸ್ಕಾಂ ಬಿಲ್ಲನ್ನು. ರೌಟರ್ ಹಗಲು ರಾತ್ರಿ ಆರದ ಯಂತ್ರ. ಅದರ ಒಂದೊಂದು ವಾಟೂ ತಿಂಗಳಿಗೆ 0.72 ಯೂನಿಟ್ ಆಗುತ್ತದೆ.

2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಕೊಡುವುದಿಲ್ಲ. 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಆಯಾ ಮನೆಯ ಮಿತಿ ನಿಗದಿಯಾಗಿದೆ (ತೀರಾ ಕಡಿಮೆ ಬಳಸುವವರಿಗೆ ಆಮೇಲೆ ಬೇರೆ ಲೆಕ್ಕ ಬಂತು). ಮಿತಿ ಮೀರಿದಷ್ಟಕ್ಕೆ ಹಣ ಕಟ್ಟಬೇಕು; 200 ದಾಟಿದರೆ ಪೂರ್ತಿ ಬಿಲ್. ಸರಾಸರಿ 100 ಯೂನಿಟ್ ಇದ್ದ ಮನೆಗೆ ಹೆಚ್ಚುವರಿಯಾಗಿ ಸಿಗುವುದು 10 ಮಾತ್ರ. ಮೂಲೆಗೆ ಬಿದ್ದ ಹಳೆಯ ಡೆಸ್ಕ್‌ಟಾಪ್ 60 ವಾಟ್ ಎಳೆಯುತ್ತದೆಂದು ಹಿಡಿದರೆ ತಿಂಗಳಿಗೆ 43 ಯೂನಿಟ್. ಐದು ವಾಟಿನ ರಾಸ್ಪ್‌ಬೆರಿ ಪೈ ಎಂಬ ಸಣ್ಣ ಕಂಪ್ಯೂಟರ್ ಬೋರ್ಡು 3.6 ಯೂನಿಟ್ಟಿನಲ್ಲಿ ಮುಗಿಸುತ್ತದೆ. ಹತ್ತು ವಾಟಿನ ಮಿನಿ ಪಿಸಿಯೂ 7.2ರೊಳಗೆ ಉಳಿಯುತ್ತದೆ. ಆದರೆ ಇದು ಉಳಿತಾಯವಲ್ಲ, ಖರ್ಚೇ: ಇಂಟರ್ನೆಟ್ ಕಂಪನಿಯವರು ಕೊಟ್ಟ ಫೈಬರ್ ಡಬ್ಬಿ ಹೇಗೂ ಉರಿಯುತ್ತಲೇ ಇರಬೇಕು.

ಎಲ್ಲ ಬೋರ್ಡೂ ಈ ಕೆಲಸಕ್ಕೆ ಒದಗುವುದಿಲ್ಲ. 2012ರ ಮೊದಲ ಪೈಯಲ್ಲಿ ನೆಟ್‌ವರ್ಕ್ ಪೋರ್ಟು ಯುಎಸ್‌ಬಿಯ ದಾರಿಯನ್ನೇ ಹಂಚಿಕೊಂಡು 100 ಎಂಬಿಪಿಎಸ್‌ಗೆ ನಿಲ್ಲುತ್ತಿತ್ತು. 2019ರ ನಾಲ್ಕನೇ ಪೈಗೆ ನಿಜವಾದ ಗಿಗಾಬಿಟ್ ಪೋರ್ಟ್ ಬಂತು, ಆದರೂ ಒಂದೇ. ರೌಟರಿಗೆ ಅಗತ್ಯವಾದ ಎರಡನೆಯ ಪೋರ್ಟಿಗೆ ಯುಎಸ್‌ಬಿ 3 ಅಡಾಪ್ಟರ್ ಬೇಕು. ಪೈಯ ವೈಫೈ ಮನೆಯಿಡೀ ಮುಟ್ಟೀತೆಂದು ನೆಚ್ಚಬಾರದು. ಹಳೆಯ ರೌಟರನ್ನು ವೈಫೈಗೆ ಇಟ್ಟುಕೊಂಡು, ದಾರಿ ತೋರಿಸುವ ಕೆಲಸವನ್ನಷ್ಟೇ ಬೋರ್ಡಿಗೆ ವಹಿಸುವುದು ಲೇಸು. ತಂತ್ರಾಂಶದ ಚಿಂತೆಯಿಲ್ಲ: 2004ರಲ್ಲಿ ಲಿಂಕ್ಸಿಸ್ ರೌಟರಿಗೆಂದು ಹುಟ್ಟಿದ ಓಪನ್‌ಡಬ್ಲ್ಯೂಆರ್‌ಟಿ ಇಂದು ಪೈ ಮೇಲೂ ಓಡುತ್ತದೆ, ಪುಕ್ಕಟೆಯಾಗಿ.

ಬಯಲುಸೀಮೆಯ ಏಪ್ರಿಲ್-ಮೇ ಸೆಖೆ ಬೇರೆ ಇದೆ. ಪೈ ಚಿಪ್ 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟು ಟಿವಿಯ ಹಿಂದೆ ತುರುಕಬಾರದು. ಕರೆಂಟು ಹೋದಾಗಿನ ತೊಡಕು ಇನ್ನೊಂದು: ರೌಟರಿಗೆಂದು ಮಾರುವ ಮಿನಿ ಯುಪಿಎಸ್ ಸಾಮಾನ್ಯವಾಗಿ 12 ವೋಲ್ಟಿನದು, ನಾಲ್ಕನೇ ಪೈ ಕೇಳುವುದು 5 ವೋಲ್ಟ್, 3 ಆಂಪಿಯರ್. ಇನ್ವರ್ಟರ್ ಇದ್ದವರು ಫೈಬರ್ ಡಬ್ಬಿಯನ್ನೂ ಅದೇ ಲೈನಿಗೆ ಹಾಕದಿದ್ದರೆ ಬೋರ್ಡು ಎಚ್ಚರವಿದ್ದೂ ಪ್ರಯೋಜನವಿಲ್ಲ.

ಜಾಹೀರಾತು ತಡೆಯಲು, ಮಕ್ಕಳ ಫೋನಿಗೆ ವೇಳೆ ಗೊತ್ತುಮಾಡಲು, ವಿಡಿಯೊ ಕರೆ ತಡವರಿಸದಂತೆ ಇಂಟರ್ನೆಟ್ ವೇಗ ಹಂಚಲು ಬಯಸುವ ಮನೆಗೆ ಈ 3.6 ಯೂನಿಟ್ ದಂಡವಲ್ಲ. ಉಳಿದವರಿಗೆ ಕಂಪನಿಯ ಡಬ್ಬಿಯೇ ಸಾಕು. ಹಳೆಯ ಡೆಸ್ಕ್‌ಟಾಪನ್ನು ಮಾತ್ರ ಯಾರೂ ರೌಟರ್ ಮಾಡಬಾರದು.