ಹಾರನಹಳ್ಳಿಯಿಂದ ಪಡುಗಡಲಿಗೆ

ಅರಸೀಕೆರೆಗೆ ದಕ್ಷಿಣದಲ್ಲಿರುವ ಹಾರನಹಳ್ಳಿಯಿಂದ ಹೊರಟು, ಹಳೇಬೀಡು ಬೇಲೂರುಗಳನ್ನು ಹಾಯ್ದು, ಸಕಲೇಶಪುರದ ಬಳಿ ಘಟ್ಟದ ನೆತ್ತಿಯನ್ನು ಮುಟ್ಟಿ, ಶಿರಾಡಿಯ ಕಣಿವೆಯಲ್ಲಿಳಿದು ಪಡುಗಡಲಿನ ತೀರವನ್ನು ಸೇರುವ ಮಾರ್ಗದಲ್ಲಿ ಪಯಣಿಸುವವರು ಪ್ರಾಯಶಃ ದೇವಾಲಯಗಳಿಗಾಗಿ ಮಾತ್ರ ಗಾಡಿ ನಿಲ್ಲಿಸುತ್ತಾರೆ. ಆ ದೇವಾಲಯಗಳನ್ನು ಸಾಕಿದವು ದಾರಿಯುದ್ದದ ಕೆರೆಗಳೆಂಬುದನ್ನು ಬಲ್ಲವರು ಏರಿಗಳ ಮೇಲೆಯೂ ಒಂದಿಷ್ಟು ಹೊತ್ತು ನಿಂತಾರು.

ಹಾರನಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವು ಹೊಯ್ಸಳ ವೀರ ಸೋಮೇಶ್ವರನ ಆಳ್ವಿಕೆಯ ಮೊದಲ ದಿನಗಳಲ್ಲಿ, 1235ರ ಸುಮಾರಿಗೆ, ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣರೆಂಬ ಸೋದರರಿಂದ ನಿರ್ಮಿತವಾಯಿತು. ಬಳಪದ ಕಲ್ಲಿನ ಈ ತ್ರಿಕೂಟದ ಮೂರು ಗರ್ಭಗೃಹಗಳಲ್ಲಿ ಕೇಶವ, ವೇಣುಗೋಪಾಲ, ಲಕ್ಷ್ಮೀನರಸಿಂಹರು ನೆಲಸಿದ್ದಾರೆ. ಸಮೀಪದಲ್ಲಿಯೇ ಸೋಮೇಶ್ವರನೆಂಬ ಶಿವನ ಗುಡಿಯೂ ಉಂಟು. ಹರಿಹರರಿಬ್ಬರಿಗೂ ಇಂತಹ ಆಲಯಗಳು ಒಂದೇ ಊರಿನಲ್ಲಿ ಏಳುವಷ್ಟು ಐಶ್ವರ್ಯ ಎಲ್ಲಿಂದ ಬಂದಿತು? ಉತ್ತರವು ಗದ್ದೆ ತೋಟಗಳಲ್ಲಿದೆಯೆಂದು ನಾನು ನಂಬುತ್ತೇನೆ.

ಮಲೆನಾಡಿನ ಕಾಡುಗಳ ಮೇಲೆ ಧಾರಾಕಾರವಾಗಿ ಸುರಿಯುವ ಮುಂಗಾರು, ಅರಸೀಕೆರೆಯ ಬಯಲನ್ನು ಮುಟ್ಟುವ ವೇಳೆಗೆ ಕ್ಷೀಣಿಸಿ ಹೋಗುವುದರಿಂದ, ಇಲ್ಲಿಯ ಹಿರಿಯರು ಹಳ್ಳಗಳಿಗೆ ಅಡ್ಡಲಾಗಿ ಮಣ್ಣಿನ ಏರಿಯನ್ನೆಬ್ಬಿಸಿ, ತೂಬಿನ ಮೂಲಕ ಅಚ್ಚುಕಟ್ಟಿಗೆ ನೀರುಣಿಸಿ, ಕೋಡಿ ಬಿದ್ದು ಹರಿದ ನೀರು ಕೆಳಗಿನ ಕೆರೆಯನ್ನು ಸೇರುವಂತೆ ಮಾಡಿದರು. ಕೆರೆಯನ್ನು ಕಟ್ಟಿಸಿದರೆ ಸಾಲದು, ವರ್ಷವರ್ಷವೂ ಹೂಳೆತ್ತಿ ಏರಿಯನ್ನು ಕಾಯಬೇಕು. ಅದಕ್ಕೆಂದೇ ಬಿತ್ತುವಟ್ಟವೆಂಬ ಭೂದತ್ತಿಯನ್ನು ಬಿಟ್ಟುಕೊಡುತ್ತಿದ್ದ ಸಂಗತಿಯನ್ನು ಕನ್ನಡ ಶಾಸನಗಳು ಮತ್ತೆಮತ್ತೆ ಹೇಳುತ್ತವೆ. ದೇವರ ನಿತ್ಯಾರ್ಚನೆಗೆ ದತ್ತಿಬಿಟ್ಟ ಗದ್ದೆಗಳು ಕೂಡ ಇಂತಹ ಕೆರೆಗಳ ಕೆಳಗಿನವೇ ಆಗಿರುತ್ತಿದ್ದುದರಿಂದ, ಏರಿ ಒಡೆದ ವರ್ಷ ಗರ್ಭಗುಡಿಯ ನೈವೇದ್ಯಕ್ಕೂ ಕುಂದು ತಪ್ಪುತ್ತಿರಲಿಲ್ಲ.

ಹಳೇಬೀಡಿನ ದೋರಸಮುದ್ರವಾಗಲಿ, 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಿಸಿದ ವಿಷ್ಣುವರ್ಧನನ ಹೆಸರನ್ನು ಹೊತ್ತಿರುವ ಬೇಲೂರಿನ ವಿಷ್ಣುಸಮುದ್ರವಾಗಲಿ, ಇದೇ ವಿದ್ಯೆಯ ದೊಡ್ಡ ರೂಪಗಳು. ದೋರಸಮುದ್ರದ ನೀರಿಲ್ಲದೆ ಅಲ್ಲಿ ಅದರದೇ ಹೆಸರಿನ ಹೊಯ್ಸಳ ರಾಜಧಾನಿ ನೆಲೆಗೊಳ್ಳುವುದು ದುಸ್ಸಾಧ್ಯವಾಗಿತ್ತು.

ಬೇಲೂರನ್ನು ಬಿಟ್ಟ ಬಳಿಕ ಕೆರೆಗಳು ವಿರಳವಾಗುತ್ತವೆ. ಮಳೆಯ ನಾಡಿಗೆ ಅವುಗಳ ಹಂಗು ಕಡಿಮೆ. ಕಾಫಿಯ ತೋಟಗಳ ನಡುವೆ ಸಾಗಿ ಘಟ್ಟವನ್ನಿಳಿದವನು ಮಂಗಳೂರಿನಲ್ಲಿಯೇ ನಿಲ್ಲದೆ, ಉಡುಪಿಯನ್ನು ದಾಟಿ ಬಾರಕೂರಿನವರೆಗೆ ಹೋಗಲೇಬೇಕು; ಹೊಯ್ಸಳರ ಕಥೆ ಅಲ್ಲಿಯವರೆಗೂ ಚಾಚಿದೆ. 1311ರಲ್ಲಿ ದೆಹಲಿ ಸುಲ್ತಾನನ ಸೇನಾನಿ ಮಲಿಕ್ ಕಾಫೂರನ ದಂಡು ದೋರಸಮುದ್ರದ ಮೇಲೆ ಬಿದ್ದಾಗ ಸಿಂಹಾಸನದಲ್ಲಿದ್ದ ಹೊಯ್ಸಳ ಮೂರನೆಯ ಬಲ್ಲಾಳನ ರಾಣಿಯೂ ಕರಾವಳಿಯನ್ನಾಳಿದ ಆಳುಪ ಕುಲದ ಮಗಳೂ ಆದ ಚಿಕ್ಕಾಯಿತಾಯಿ, ಮುಂದೆ ತುಳುನಾಡಿನ ಆಡಳಿತವನ್ನು ನಡೆಸಿದ್ದು ಆ ಊರಿನಿಂದ.