ವಯಸ್ಸಿನಿಂದ ಆರೈಕೆಯವರೆಗೆ: ಚಾಮರಾಜನಗರ–ಗುಂಡ್ಲುಪೇಟೆ ಸೀಮೆ ಮತ್ತು ಕುದುರೆಯ ಹಲ್ಲಿನ ಚರಿತ್ರೆ

ಪೀಠಿಕೆ

ಕುದುರೆ ಕೊಳ್ಳಲು ಬಂದವನು ಮೊದಲು ಅದರ ತುಟಿ ಎತ್ತಿ ಬಾಚಿಹಲ್ಲು ನೋಡುತ್ತಾನೆ. ದನದ ಜಾತ್ರೆಯಲ್ಲೂ ಎತ್ತಿನ ಮಾತು ಶುರುವಾಗುವುದು ‘ಎರಡು ಹಲ್ಲು’, ‘ನಾಲ್ಕು ಹಲ್ಲು’, ‘ಬಾಯಿಗೂಡಿದೆ’ ಎಂದೇ. ಆದರೆ ವ್ಯಾಪಾರಕ್ಕೆ ಬೇಕಾದುದು ಮುಂದಿನ ಹಲ್ಲು ಮಾತ್ರ. ಕುದುರೆಯ ಹೊಟ್ಟೆಪಾಡು ನಿಂತಿರುವುದು ಹಿಂದಿನ ದವಡೆಹಲ್ಲುಗಳ ಮೇಲೆ, ಅವು ಕೊಳ್ಳುವವನ ಕಣ್ಣಿಗೆ ಬೀಳುವುದಿಲ್ಲ. ಮೈಸೂರು ರಾಜ್ಯದ ತೆಂಕಣ ಗಡಿಯನ್ನು ಮುಂದಿಟ್ಟುಕೊಂಡು ಈ ಲೇಖನ ಹೇಳಹೊರಟಿರುವುದು ಇಷ್ಟು: ನಮ್ಮಲ್ಲಿ ಕುದುರೆಯ ಹಲ್ಲಿನ ತಿಳಿವಳಿಕೆ ಬೆಲೆ ಕಟ್ಟುವ ವಿದ್ಯೆಯಾಗಿ ಬೆಳೆಯಿತು; ಆರೈಕೆಯ ವಿದ್ಯೆಯಾಗಿ ತಡವಾಗಿ ಬಂತು, ಬಂದದ್ದೂ ಕೆಲವೇ ಲಾಯಗಳಲ್ಲಿ ಉಳಿಯಿತು.

ಶಾಸ್ತ್ರದಲ್ಲಿ ಹಲ್ಲು

ಬೆಲೆ ಕಟ್ಟುವ ವಿದ್ಯೆಯ ಹಳೆಯ ಮತ್ತು ಅಚ್ಚುಕಟ್ಟಾದ ರೂಪ 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿದೆ. ಆರು ಬಿಳಿಯ ಹಲ್ಲಿದ್ದರೆ ಒಂದು ವರ್ಷದ ಮರಿ; ಅವು ಕಂದಿದರೆ ಎರಡು ವರ್ಷ. ನಡುವಿನ ಜೋಡಿ ಬಿದ್ದು ಹುಟ್ಟಿದರೆ ಮೂರು, ಅದರ ಪಕ್ಕದ ಜೋಡಿಗೆ ನಾಲ್ಕು, ಕೊನೆಯ ಜೋಡಿಗೆ ಐದು. ಅಲ್ಲಿಂದಾಚೆಗೆ ಮೂರು ಮೂರು ವರ್ಷಕ್ಕೊಂದು ಗುರುತು: ಕಪ್ಪು, ಹಳದಿ, ಬಿಳುಪು, ಗಾಜು, ಜೇನು, ಶಂಖದ ಬಣ್ಣಗಳು, ಆಮೇಲೆ ಕುಳಿ, ಅಲುಗಾಟ, ಕೊನೆಗೆ ಹಲ್ಲು ಬೀಳುವುದು.

ಈಗಿನ ಪಶುವೈದ್ಯದ ಲೆಕ್ಕವೂ ಇದಕ್ಕೆ ತೀರ ಹತ್ತಿರ. ಹಾಲುಹಲ್ಲಿನ ಮೂರು ಜೋಡಿ ಸುಮಾರು ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಕ್ಕೆ ಬೀಳುತ್ತವೆ. ಐದಕ್ಕೆ ಬಾಯಿ ತುಂಬುತ್ತದೆ. ಎಳೆಯ ಕುದುರೆಯ ವಿಷಯದಲ್ಲಿ ಶಾಸ್ತ್ರ ಕರಾರುವಾಕ್ಕು. ವಯಸ್ಸಾದಂತೆಲ್ಲ ಮೇವು, ನೆಲ, ತಳಿಗೆ ತಕ್ಕಂತೆ ಸವೆತ ಬದಲಾಗುವುದರಿಂದ ಹಿಂದಿನ ಲೆಕ್ಕವಾಗಲಿ ಇಂದಿನದಾಗಲಿ ಅಂದಾಜಿನದೇ.

ಕನ್ನಡದ ಅಶ್ವವೈದ್ಯ

ಪಶುವೈದ್ಯ ಕನ್ನಡಕ್ಕೆ ಹೊಸದಲ್ಲ. 12ನೆಯ ಶತಮಾನದಲ್ಲಿ ಚಾಲುಕ್ಯ ವಂಶದ ಕೀರ್ತಿವರ್ಮ ‘ಗೋವೈದ್ಯ’ ಬರೆದ. ಕುದುರೆಗೆ ಸುಮಾರು 1400ರಲ್ಲಿ ಅಭಿನವಚಂದ್ರನ ‘ಅಶ್ವವೈದ್ಯ’ ಬಂತು. ನಮ್ಮ ಸೀಮೆಗೆ ಹೆಚ್ಚು ಹತ್ತಿರದ್ದು 1627ರ ಪದ್ಮಣಪಂಡಿತನ ‘ಹಯಸಾರಸಮುಚ್ಚಯ’. ಆಗ ಮೈಸೂರಿನಲ್ಲಿ ಆಳುತ್ತಿದ್ದವರು 1617ರಲ್ಲಿ ಪಟ್ಟಕ್ಕೆ ಬಂದ ಚಾಮರಾಜ ಒಡೆಯರು. ಅವರಿಗಿಂತ ಹಿಂದೆ, ರಾಜ ಒಡೆಯರ ಕಾಲದಲ್ಲೇ ಗುಂಡ್ಲುಪೇಟೆ ಬಳಿಯ ತೆರಕಣಾಂಬಿ, ಚಾಮರಾಜನಗರದ ಬಳಿಯ ಉಮ್ಮತ್ತೂರು ಮೈಸೂರಿನ ಕೈಸೇರಿದ್ದವು. ಪಾಳೆಯಪಟ್ಟುಗಳನ್ನು ಒಂದೊಂದಾಗಿ ಗೆಲ್ಲುತ್ತಿದ್ದ ಪುಟ್ಟ ರಾಜ್ಯಕ್ಕೆ ಕುದುರೆ ದುಬಾರಿ ಬಂಡವಾಳ; ಅಂಥ ಹೊತ್ತಿನಲ್ಲಿ ಕುದುರೆಗೆಂದೇ ಕನ್ನಡದಲ್ಲೊಂದು ಗ್ರಂಥ ಹುಟ್ಟಿದ್ದು ಆಶ್ಚರ್ಯವಲ್ಲ.

ಈ ಬಂಡವಾಳ ಎಷ್ಟು ಬೇಗ ಕರಗುತ್ತಿತ್ತು ಎಂಬುದನ್ನು ಹೊರಗಿನವರು ಬರೆದಿಟ್ಟಿದ್ದಾರೆ. 13ನೆಯ ಶತಮಾನದ ಕೊನೆಗೆ ತಮಿಳು ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ, ಅಲ್ಲಿಯವರು ಕುದುರೆಗೆ ಬೇಯಿಸಿದ ಅನ್ನ, ಮಾಂಸ ತಿನ್ನಿಸುತ್ತಿದ್ದರು, ಕುದುರೆವೈದ್ಯರು ಆ ನಾಡಿಗೆ ಹೋಗದಂತೆ ವ್ಯಾಪಾರಿಗಳೇ ತಡೆಯುತ್ತಿದ್ದರು ಎನ್ನುತ್ತಾನೆ. ಹಳೆಯ ಕುದುರೆ ಸತ್ತರೆ ತಾನೇ ಹೊಸದಕ್ಕೆ ಗಿರಾಕಿ! ವಿಜಯನಗರದ ಅರಸರು ಕೊಳ್ಳುತ್ತಿದ್ದ ಕುದುರೆಗಳ ಸಂಖ್ಯೆ ವರ್ಷಕ್ಕೆ 13,000 ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ದಾಖಲಿಸಿದ್ದಾನೆ. ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಹಣ ಸಿಗುತ್ತಿತ್ತಂತೆ. ಆರೈಕೆಯಲ್ಲಿ ಕಳೆದುಕೊಂಡದ್ದನ್ನು ಖರೀದಿಯಿಂದ ತುಂಬಿಕೊಳ್ಳುವ ಪದ್ಧತಿ ಇದು.

ಕಣಿವೆ ದಾರಿಯ ಕುದುರೆದಂಡು

ಚಾಮರಾಜನಗರದ ಆಚೆ ಸತ್ಯಮಂಗಲಕ್ಕೆ ಇಳಿಯುವ ಘಟ್ಟಗಳು, ಗುಂಡ್ಲುಪೇಟೆಯಿಂದ ನೀಲಗಿರಿಗೂ ವಯನಾಡಿಗೂ ಕವಲೊಡೆಯುವ ದಾರಿಗಳು ಈ ಸೀಮೆಯನ್ನು ದಂಡಿನ ಹಾದಿಯಾಗಿಸಿದವು. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಗಜ್ಜಲಹಟ್ಟಿ ಕಣಿವೆ ಇಳಿದು ಸತ್ಯಮಂಗಲದಲ್ಲಿದ್ದ ಕರ್ನಲ್ ಫ್ಲಾಯ್ಡ್‌ನ ಪಡೆಯ ಮೇಲೆ ಬಿದ್ದ. ಶ್ರೀರಂಗಪಟ್ಟಣ ಬಿದ್ದ ಮೇಲೂ ಕುದುರೆದಂಡು ಮುಗಿಯಲಿಲ್ಲ: 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನ 4,000 ಕುದುರೆ ಸವಾರರನ್ನು ಸಾಕಬೇಕಾಯಿತು. ಈ ಸವಾರರಲ್ಲಿ ಸಿಲ್ಲೇದಾರ ತನ್ನ ಕುದುರೆಯನ್ನು ತಾನೇ ತಂದು ಚಾಕರಿಗೆ ಸೇರುವವನು. ಕುದುರೆ ಹೋದರೆ ಅವನ ಅನ್ನವೂ ಹೋದಂತೆ. ಹಾಗಾಗಿ ಕೊಳ್ಳುವಾಗ ಮುದಿ ಕುದುರೆಯನ್ನು ಎಳೆಯದೆಂದು ದಾಟಿಸುವ ಮೋಸ ಹಿಡಿಯುವುದು ಅವನಿಗೆ ಜೀವನ್ಮರಣದ ಪ್ರಶ್ನೆ. ಸವೆದ ಬಾಚಿಹಲ್ಲಿನಲ್ಲಿ ಕುಳಿ ಕೊರೆದು ಸುಟ್ಟು ಕಪ್ಪು ಮಾಡುವ ದಲ್ಲಾಳಿಗಳ ಕೈಚಳಕ ಲೋಕದ ಹಲವು ಕುದುರೆ ಮಾರುಕಟ್ಟೆಗಳಲ್ಲಿ ಇತ್ತು.

ಹುರುಳಿ ಮತ್ತು ದವಡೆ

ಕುದುರೆಯ ಹಲ್ಲು ನಮ್ಮದರಂತೆ ಒಮ್ಮೆ ಬೆಳೆದು ನಿಲ್ಲುವುದಿಲ್ಲ. ಒಸಡಿನೊಳಗೆ ಅಡಗಿರುವ ಉದ್ದನೆಯ ಹಲ್ಲು ವರ್ಷಕ್ಕೆ 2–3 ಮಿಲಿಮೀಟರಿನಷ್ಟು ಮೇಲೆ ಬರುತ್ತ, ಅಷ್ಟೇ ಸವೆಯುತ್ತ ಹೋಗುತ್ತದೆ. ಬಯಲಲ್ಲಿ ಬಿಟ್ಟ ಕುದುರೆ ದಿನದ ಬಹುಪಾಲು ಮೇಯುತ್ತದೆ. ದವಡೆ ಅಡ್ಡಡ್ಡ ಅಗಲವಾಗಿ ಆಡಿ ಹಲ್ಲು ಸಮನಾಗಿ ಸವೆಯುತ್ತದೆ. ಲಾಯದಲ್ಲಿ ಕಟ್ಟಿ ಕಾಳು ಹಾಕಿದರೆ ಕತೆ ಬೇರೆ. ಚಾಮರಾಜನಗರ, ಗುಂಡ್ಲುಪೇಟೆಯ ಒಣಭೂಮಿಯ ಹುರುಳಿ ದಕ್ಷಿಣದ ಕುದುರೆಗೆ ಪರಂಪರೆಯ ಕಾಳು. ಬೇಯಿಸಿ ಆರಿಸಿ ಕೊಡುವ ರೂಢಿ. ಬೆಂದ ಕಾಳಿಗೆ ಅಗಿತ ಕಡಿಮೆ, ದವಡೆಯ ಅಡ್ಡ ಓಟವೂ ಕಡಿಮೆ. ಮೇಲ್ದವಡೆ ಕೆಳದವಡೆಗಿಂತ ಅಗಲವಾದ್ದರಿಂದ ಮೇಲಿನ ಹಲ್ಲಿನ ಹೊರಅಂಚು, ಕೆಳಗಿನದರ ಒಳಅಂಚು ಸವೆಯದೆ ಚೂಪಾಗುತ್ತವೆ. ಮೇಲಿನದು ಕೆನ್ನೆಯನ್ನು ಕೊಯ್ಯುತ್ತದೆ, ಕೆಳಗಿನದು ನಾಲಗೆಯನ್ನು.

ಲಾಯದಲ್ಲಿ ಇದರ ಗುರುತು ಕಾಣುವುದು ಹೀಗೆ: ಕುದುರೆ ತಲೆ ವಾರೆ ಮಾಡಿ ಅಗಿಯುತ್ತದೆ, ಅರ್ಧ ಅಗಿದ ಹುಲ್ಲು ಉಂಡೆಯಾಗಿ ಗೋದಲಿಗೆ ಉದುರುತ್ತದೆ, ಲದ್ದಿಯಲ್ಲಿ ಕಾಳು ಇಡಿಯಾಗಿಯೇ ಸಿಗುತ್ತದೆ. ಹೊರಗಿನಿಂದ ಕೆನ್ನೆಯನ್ನು ಮೇಲ್ದವಡೆಯ ಮೇಲೆ ಹೆಬ್ಬೆರಳಿನಿಂದ ಒತ್ತಿದರೆ ಚೂಪು ತಾಗಿ ತಟ್ಟನೆ ತಲೆ ಎಳೆದುಕೊಳ್ಳುತ್ತದೆ. ಲಗಾಮಿಗೆ ಬಗ್ಗದ ಕುದುರೆಯನ್ನು ‘ಹಟಮಾರಿ’ ಎಂದು ಚಾಟಿಯಲ್ಲಿ ಬಾರಿಸುವ ಮುನ್ನ ನೋಡಬೇಕಾದುದು ಇದನ್ನು. ಸರಿಯಾಗಿ ಅಗಿಯದ ಮೇವು ಹೊಟ್ಟೆಶೂಲೆಗೂ ದಾರಿ.

ಅರ ಹಿಡಿದ ಕೈ

ಆರೈಕೆಯ ಚರಿತ್ರೆ ಕಡಿವಾಣದೊಂದಿಗೆ ಹೆಣೆದುಕೊಂಡಿದೆ. ಮಂಗೋಲಿಯದಲ್ಲಿ ಸಿಕ್ಕ ಕುದುರೆ ತಲೆಬುರುಡೆಗಳ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕ್ರಿ.ಪೂ. ಸುಮಾರು 1150ರಲ್ಲೇ ಅಲ್ಲಿ ಸೊಟ್ಟ ಹಲ್ಲನ್ನು ಕೊಯ್ಯಲು ಯತ್ನಿಸಿದ ಗುರುತುಗಳಿವೆ. ಕ್ರಿ.ಪೂ. 750ರ ಹೊತ್ತಿಗೆ, ಲೋಹದ ಕಡಿವಾಣ ಬಳಕೆಗೆ ಬಂದಂತೆ, ದವಡೆಹಲ್ಲಿನ ಮುಂದೆ ಹುಟ್ಟಿ ಕಡಿವಾಣಕ್ಕೆ ತಾಗುವ ಪುಟ್ಟ ಹಲ್ಲನ್ನು ಕಿತ್ತುಹಾಕುವುದು ಶುರುವಾಗಿದೆ.

ಭಾರತದಲ್ಲಿ ವ್ಯವಸ್ಥಿತ ಪಶುವೈದ್ಯ ಶಿಕ್ಷಣ ಕುದುರೆದಂಡಿನ ಅಗತ್ಯದ ನೆರಳಲ್ಲೇ ಬೆಳೆಯಿತು: ಲಾಹೋರ್ 1882, ಮುಂಬಯಿ 1886, ಮದರಾಸು 1903. ಬೆಂಗಳೂರಿನ ಹೆಬ್ಬಾಳದ ಕಾಲೇಜು ಬಂದದ್ದು 1958ರಲ್ಲಿ. ಅಂದರೆ ಸಂಸ್ಥಾನದ ಕುದುರೆದಳವಾದ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕುದುರೆ ಏರಿ ದಾಳಿ ಮಾಡಿ ನಲವತ್ತು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ದಂಡಿಗೆ ಕುದುರೆಯ ಹಂಗು ತಪ್ಪಿ, ಕಾಲೇಜಿನ ಗಮನ ಹಾಲಿನ ಹಸು, ಕೋಳಿ, ಕುರಿಯತ್ತ ತಿರುಗುವುದು ಸಹಜವಾಗಿತ್ತು. ಚೂಪಾದ ಅಂಚನ್ನು ಉಜ್ಜಿ ತೆಗೆಯಲು ಹಲ್ಲಿಗೆ ಅರ ಹಾಕುವ ವಿದ್ಯೆ ರೇಸ್‌ಕೋರ್ಸ್, ಕುಣಿಗಲ್ ಸ್ಟಡ್ ಫಾರ್ಮಿನಂಥ ತಳಿಕೇಂದ್ರ, ಮೈಸೂರಿನ ಪೊಲೀಸ್ ಅಶ್ವಾರೋಹಿ ದಳದಂಥ ಕಡೆಗೆ ಸೀಮಿತವಾಯಿತು. ಜಟಕಾ ಎಳೆದ ಕುದುರೆಗೆ, ಹೇರು ಹೊತ್ತ ತಟ್ಟಿಗೆ ಅದು ಇಳಿದು ಬರಲಿಲ್ಲ.

ಸಮಾರೋಪ

ಇಂದು ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಕುದುರೆ ಸಾಕುವವರು ವಿರಳ. ಎಣಿಕೆ ಕಡಿಮೆಯಾದಷ್ಟೂ ಅನುಭವಿ ಕೈಗಳೂ ಕಡಿಮೆ. ಆರೈಕೆಯನ್ನು ರೂಢಿಗೆ ಬಿಡದೆ ನಿಯಮವಾಗಿಸಬೇಕಾದದ್ದು ಅದಕ್ಕೇ. ಬಾಯಿಗೂಡುವ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಮುದಿಯಾದಾಗ ಮತ್ತೆ ಆರು ತಿಂಗಳಿಗೊಮ್ಮೆ ಪಶುವೈದ್ಯರಿಂದ ಬಾಯಿ ಪರೀಕ್ಷೆ ಆಗಬೇಕು. ಮತ್ತಿನ ಮದ್ದು ಕೊಟ್ಟು, ಬಾಯಿ ತೆರೆದಿಡುವ ಸಾಧನ ಹಾಕಿ, ಬೆಳಕು ಬಿಟ್ಟು ಹಿಂದಿನ ಹಲ್ಲಿನವರೆಗೆ ನೋಡಬೇಕು. ಅರ ಹಾಕುವುದು ಚೂಪು ಹೋಗುವಷ್ಟು ಮಾತ್ರ: ಯಂತ್ರದ ಅರದ ಬಿಸಿ ಹಲ್ಲಿನ ಜೀವವನ್ನೇ ಸುಡಬಲ್ಲದು, ನುಣ್ಣಗೆ ಉಜ್ಜಿದ ಹಲ್ಲು ಹುಲ್ಲು ಅರೆಯಲಾರದು. ಕಾಳು ಎಷ್ಟೇ ಕೊಟ್ಟರೂ ದಿನದ ಮೇವಿನಲ್ಲಿ ಹುಲ್ಲಿನದೇ ದೊಡ್ಡ ಪಾಲಿರಬೇಕು.

ಲಸಿಕೆ ಹಾಕಲು ಬರುವ ಪಶುವೈದ್ಯರು ಅದೇ ಭೇಟಿಯಲ್ಲಿ ಬಾಯಿಯನ್ನೂ ನೋಡಿ ದಾಖಲಿಸುವಂತಾದರೆ ಪ್ರತ್ಯೇಕ ಯೋಜನೆ ಬೇಕಿಲ್ಲ. ಬೆಲೆ ಕಟ್ಟುವವನಿಗೆ ಬಾಚಿಹಲ್ಲನ್ನು ಓದುವುದು ಕಲಿಸಿದ ಶಾಸ್ತ್ರಕ್ಕೆ ದವಡೆಹಲ್ಲಿನ ಅಧ್ಯಾಯ ಸೇರಿಸುವ ಹೊಣೆ ಈಗ ಕುದುರೆ ಸಾಕುವವನದು ಮತ್ತು ತಾಲ್ಲೂಕಿನ ಪಶು ಆಸ್ಪತ್ರೆಯದು.